ಯಾರೂ ಏನೂ ಅನ್ನಲಿಲ್ಲ

ಶಿವಾನಿ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲೇ ಎಂದು ಕೇಳುವುದಕ್ಕೆ ಅವಳು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನ ಒಂದು ಡೆಸ್ಕಿನ ಮೇಲೆ ಬೆರಳು ಬಿತ್ತು. ಆಮೇಲೆ ಇನ್ನೊಂದರ ಮೇಲೆ. ಅವಳು ತನ್ನ ಜಾಗಕ್ಕೆ ಹೋಗಿ ಸೇರುವ ಹತ್ತು ಹೆಜ್ಜೆಯಷ್ಟು ಹೊತ್ತು ಒಂಬತ್ತನೇ ತರಗತಿಯ ಡೆಸ್ಕುಗಳೆಲ್ಲ ಮೆಲ್ಲಗೆ ಸದ್ದು ಮಾಡಿದವು. ಅವಳು ಕೂತಳು. ಸದ್ದು ನಿಂತಿತು.

ಬೋರ್ಡಿನ ಮೇಲೆ ಬಹುಪದೋಕ್ತಿಯ ಲೆಕ್ಕ ಬರೆಯುತ್ತಿದ್ದ ಅನಿತ ಹಿಂತಿರುಗಿ ನೋಡಿದಳು. ಮೂವತ್ತೆಂಟು ಮಕ್ಕಳ ಕೈಗಳೂ ನೋಟ್‌ಬುಕ್ಕಿನ ಮೇಲಿದ್ದವು.

"ಏನದು ಸದ್ದು?"

"ಏಮೀ ಲೇದು ಮಿಸ್," ಎಂದ ಕೊನೆಯ ಬೆಂಚಿನ ಆಂಜಿ. ಆಂಧ್ರದ ಗಡಿಗೆ ಐದಾರು ಕಿಲೋಮೀಟರು ದೂರದ ಆ ಊರಿನಲ್ಲಿ ಏನನ್ನಾದರೂ ಮುಚ್ಚಿಡುವಾಗ ಮಕ್ಕಳ ಬಾಯಿಗೆ ತೆಲುಗೇ ಬರುತ್ತಿತ್ತು. "ಹಲ್ಲಿ ಇರ್ಬೇಕು ಮಿಸ್. ಡೆಸ್ಕಲ್ಲಿ ಸೇರ್ಕೊಂಡೈತೆ."

ಮುಂದಿನ ಬೆಂಚಿನಲ್ಲಿ ಯಾರೋ ನಗು ತಡೆಯಲಾರದೆ ಕೆಮ್ಮಿದರು. ಶಿವಾನಿ ತಲೆ ಬಗ್ಗಿಸಿ ಲೆಕ್ಕ ಬರೆದುಕೊಳ್ಳುತ್ತಿದ್ದಳು. ಅನಿತ ಮತ್ತೆ ಬೋರ್ಡಿನ ಕಡೆ ತಿರುಗಿದಳು.

ಇದು ಶುರುವಾಗಿ ಹದಿನೈದು ದಿನವಾಗಿತ್ತು. ಸಂಕ್ರಾಂತಿ ಕಳೆದ ವಾರ, ಅದೇ ತರಗತಿಯ ರಜನಿಯ ತಾತನ ಅಣ್ಣ ತೀರಿಕೊಂಡಿದ್ದರು. ಊರಿನ ದೊಡ್ಡ ಮನೆಯ ಸಾವು. ಕಾಲೋನಿಯಿಂದ ಕದಿರಪ್ಪ ಬಂದು ಬೆಳಗಿನಿಂದ ಸಂಜೆಯವರೆಗೆ ತಮಟೆ ಹೊಡೆದಿದ್ದ. ಕದಿರಪ್ಪ ಶಿವಾನಿಯ ಅಪ್ಪ. ತಲೆಗೆ ಟವೆಲು ಸುತ್ತಿಕೊಂಡು, ಬೆವರು ಸುರಿಸುತ್ತ, ಹೆಣದ ಮುಂದೆ ಹಿಮ್ಮುಖವಾಗಿ ಹೆಜ್ಜೆ ಹಾಕುತ್ತಿದ್ದ ಅವನನ್ನು ಆಂಜಿ ಫೋನಿನಲ್ಲಿ ಹಿಡಿದಿದ್ದ. ಮಾರನೆಯ ದಿನದೊಳಗೆ ಇಡೀ ಕ್ಲಾಸು ಅದನ್ನು ನೋಡಿತ್ತು. ಅದರ ಮಾರನೆಯ ದಿನದಿಂದ ಡೆಸ್ಕುಗಳು ಮಾತಾಡತೊಡಗಿದವು. ಬೈಗುಳವಿಲ್ಲ, ಜಾತಿಯ ಹೆಸರಿಲ್ಲ, ಗೋಡೆಯ ಮೇಲೆ ಬರಹವಿಲ್ಲ. ಶಿವಾನಿ ಒಳಗೆ ಬಂದಾಗ, ಬೋರ್ಡಿನ ಹತ್ತಿರ ಹೋದಾಗ, ಬಿಸಿಯೂಟಕ್ಕೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ಬೆರಳು ಬೀಳುತ್ತಿತ್ತು, ಪೆನ್ನು ಬೀಳುತ್ತಿತ್ತು, ತಟ್ಟೆಯ ಅಂಚಿಗೆ ಚಮಚ ತಾಗುತ್ತಿತ್ತು.

ಅದು ಯಾವ ಹೊಡೆತವೆಂದು ಅನಿತಳಿಗೆ ಮೊದಲ ದಿನವೇ ತಿಳಿದಿತ್ತು. ಲಕ್ಕೂರಿನ ಆಚೆಗಿನ ಅವಳ ಹಳ್ಳಿಯಲ್ಲಿ ತಾತ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತ, ಮಧ್ಯೆ ಬಿಡುವಾದಾಗ ಅವಳ ಬೆನ್ನ ಮೇಲೆ ಬೆರಳಿನಿಂದ ಬಾರಿಸುತ್ತಿದ್ದ. ಮದುವೆಯದೋ, ಜಾತ್ರೆಯದೋ, ಸಾವಿನದೋ ಅವಳು ಕಣ್ಣು ಮುಚ್ಚಿ ಹೇಳಬೇಕು. ಸರಿ ಹೇಳಿದರೆ ಬೆಲ್ಲದ ಚೂರು.

ಶಾಲೆಯಿದ್ದ ಈ ಊರಿನಲ್ಲಿ ಇದು ಹೆಡ್‌ಮಾಸ್ಟರ್ ಸುಬ್ಬರಾಯಪ್ಪನವರೊಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಅರ್ಜಿಯ ಜೊತೆಗಿದ್ದ ಜಾತಿ ಪ್ರಮಾಣಪತ್ರದಿಂದ. ಜೂನಿನಲ್ಲಿ ಅತಿಥಿ ಶಿಕ್ಷಕಿಯಾಗಿ ಬಂದಾಗ ಬಾಡಿಗೆ ಮನೆಗಾಗಿ ಅನಿತ ಮೂರು ಮನೆಗಳ ಮೆಟ್ಟಿಲು ಹತ್ತಿ ಇಳಿದಿದ್ದಳು. ಮೂರು ಕಡೆಯೂ ಮೊದಲು ಊರಿನ ಮಾತು, ಆಮೇಲೆ "ಏನ್ ಜನ ಅಮ್ಮ ನೀವು?" ಎಂಬ ಮಾತು, ಕೊನೆಗೆ "ನಮ್ ಮಗ ಬರ್ತಾನಂತೆ, ಮನೆ ಅವನಿಗೇ ಬೇಕು" ಎಂಬ ಮಾತು. ನಾಲ್ಕನೆಯದು ರಜನಿಯ ಅಜ್ಜಿ ಶಾಮಲಮ್ಮನ ಮನೆ. ಶಾಮಲಮ್ಮ ಕೇಳಲೇ ಇಲ್ಲ, ತಾವೇ ಹೇಳಿದರು. "ಲಕ್ಕೂರು ಕಡೆಯೋಳಾ? ಅಲ್ಲೆಲ್ಲ ನಮ್ಮೋರೇ ಕಣಮ್ಮ. ಮುಖ ನೋಡಿದ್ರೇ ಗೊತ್ತಾಗಲ್ವಾ?" ಅನಿತ "ಹೂಂ" ಎಂದಳು. ಎಂಟು ತಿಂಗಳಿನಿಂದ ಆ ಒಂದು ಅಕ್ಷರದೊಳಗೆ ವಾಸವಾಗಿದ್ದಳು.

ಅದರೊಳಗೆ ಇರುವುದು ಸುಲಭದ ಕೆಲಸವಾಗಿರಲಿಲ್ಲ. ಅಪ್ಪ ನೋಡಲು ಬರುತ್ತೇನೆಂದರೆ, ಬೇಡ, ನಾನೇ ಬರುತ್ತೇನೆ ಎನ್ನಬೇಕು. ನರಸಾಪುರದ ಕಂಪನಿಗೆ ಹೋಗುವ ತಂಗಿ ಒಂದು ಭಾನುವಾರ ಬಂದಿದ್ದಾಗ, ಬಸ್ ಸ್ಟಾಪಿನಿಂದ ಮನೆಯವರೆಗೂ ಅವಳಿಗೆ ಪಾಠ ಒಪ್ಪಿಸಬೇಕಾಯಿತು. ಮನೆದೇವರು ಯಾವುದೆಂದು ಯಾರಾದರೂ ಕೇಳಿದರೆ ತಿರುಪತಿ ಎಂದುಬಿಡುವುದು. ತಿರುಪತಿ ಎಲ್ಲರಿಗೂ ಆಗುತ್ತದೆ. ಶಾಮಲಮ್ಮನಿಗೆ ಅವಳ ಮೇಲೆ ನಿಜವಾದ ಅಕ್ಕರೆಯಿತ್ತು. ಅವರೆಕಾಯಿ ಸಾರು ಮಾಡಿದ ದಿನ ಒಂದು ಬಟ್ಟಲು ಅವಳ ಬಾಗಿಲಿಗೆ ಬರುತ್ತಿತ್ತು. ತರುತ್ತಿದ್ದವಳು ರಜನಿ. ಬಂದವಳು ಅಲ್ಲೇ ಕೂತು ಲೆಕ್ಕ ಹೇಳಿಸಿಕೊಂಡು, ಮಿಸ್ಸಿನ ಜಡೆ ಬಿಚ್ಚಿ ಹೊಸ ನಮೂನೆಯಲ್ಲಿ ಹೆಣೆದು, ಕನ್ನಡಿ ತೋರಿಸಿ ಹೋಗುತ್ತಿದ್ದಳು. ಡೆಸ್ಕಿನ ಮೇಲೆ ಬೀಳುವ ಎರಡನೆಯ ಬೆರಳು ರಜನಿಯದು. ಅದನ್ನೂ ಅನಿತ ನೋಡಿದ್ದಳು.

ಆ ದಿನ ಮಧ್ಯಾಹ್ನ ಶಿವಾನಿ ಸ್ಟಾಫ್ ರೂಮಿನ ಹೊರಗೆ ಕಾದು ನಿಂತಿದ್ದಳು.

"ಮಿಸ್, ಟಿ.ಸಿ. ಬೇಕು."

"ಈಗ? ಪರೀಕ್ಷೆಗೆ ಒಂದೂವರೆ ತಿಂಗಳಿದೆ. ಯಾವ ಸ್ಕೂಲಿಗೆ ಹೋಗ್ತೀಯ?"

"ಯಾವ ಸ್ಕೂಲಿಗೂ ಇಲ್ಲ. ಟೊಮೆಟೊ ಬಿಡಿಸೋಕೆ ಹೋಗ್ತೀನಿ, ನಮ್ಮಮ್ಮನ ಜೊತೆ."

"ಯಾರು ಏನಂದ್ರು?"

"ಯಾರೂ ಏನೂ ಅನ್ನಲಿಲ್ಲ ಮಿಸ್. ಬರೀ ಹೊಡೀತಾರೆ."

"ಯಾರನ್ನ?"

"ಡೆಸ್ಕನ್ನ."

ಹೇಳಿ ಶಿವಾನಿ ಅವಳ ಮುಖ ನೋಡಿದಳು. ಮಿಸ್ ನಗುತ್ತಾರೋ, ಬೈಯುತ್ತಾರೋ ಎಂದು ಕಾಯುವ ನೋಟ. ತರಗತಿಗೆ ಲೆಕ್ಕದಲ್ಲಿ ಮೊದಲು ಬರುವ ಹುಡುಗಿ ಅವಳು. ಎರಡು ದಿನ ತಡಿ, ನಾನು ನೋಡುತ್ತೇನೆ ಎಂದು ಅನಿತ ಕಳಿಸಿದಳು.

ಸುಬ್ಬರಾಯಪ್ಪನವರು ಎಲ್ಲವನ್ನೂ ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕರೆದು ಕೇಳ್ತೀನಿ ಮೇಡಂ. ಏನಂತ ಕೇಳ್ಲಿ? ಡೆಸ್ಕ್ ಯಾಕ್ರೋ ಬಡಿದ್ರಿ ಅಂತಾನಾ? ಅವರಪ್ಪಂದಿರು ಬಂದು, ಡೆಸ್ಕ್ ಬಡಿಯೋದೂ ಕೇಸಾ ಸಾರ್ ಅಂತಾರೆ."

"ಅವರಿಗೆ ಗೊತ್ತು ಸಾರ್ ಏನು ಮಾಡ್ತಿದೀವಿ ಅಂತ. ನಿಮಗೂ ಗೊತ್ತು."

"ನನಗೆ ಗೊತ್ತಿಲ್ಲ ಅಂದ್ನಾ?" ಅವರು ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ನೋಡಮ್ಮ, ನೀನು ನನ್ ಮಗಳ ವಯಸ್ಸಿನೋಳು. ಮಾರ್ಚ್ ಮುಗಿದ್ರೆ ಹೊರಡ್ತೀಯ. ಈ ವಿಷಯ ಕೆದಕಿದ್ರೆ, ಈ ಟೀಚರ್‌ಗೆ ಯಾಕಿಷ್ಟು ಉರಿ ಅಂತ ಯಾರಾದ್ರೂ ಕೇಳ್ತಾರೆ. ನಿನ್ ವಿಷಯ ನಾನು ಇಲ್ಲೀವರೆಗೂ ಒಬ್ಬರ ಮುಂದೂ ಬಾಯಿ ಬಿಟ್ಟಿಲ್ಲ. ಬಿಡೋದೂ ಇಲ್ಲ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಅನಿತ "ಥ್ಯಾಂಕ್ಸ್ ಸಾರ್" ಎಂದು ಎದ್ದು ಬಂದಳು. ಕಾರಿಡಾರಿನ ತುದಿಗೆ ಬಂದ ಮೇಲೆ, ಅದಕ್ಕೆ ಥ್ಯಾಂಕ್ಸ್ ಯಾಕೆ ಹೇಳಿದೆನೆಂದು ಅನ್ನಿಸಿತು.

ಮಾರನೆಯ ದಿನ ಎರಡನೆಯ ಪೀರಿಯಡ್ಡಿನಲ್ಲಿ ಶಿವಾನಿಯನ್ನು ಲೆಕ್ಕ ಬಿಡಿಸಲು ಬೋರ್ಡಿಗೆ ಕರೆದಳು. ಕರೆದದ್ದೇ ತಪ್ಪಾಯಿತು. ಹುಡುಗಿ ಏಳುತ್ತಿದ್ದಂತೆ ಆಂಜಿಯ ಡೆಸ್ಕಿನಿಂದ ಹೊರಟ ಸದ್ದು ಮೂರೂ ಸಾಲಿಗೆ ಹರಡಿತು. ಅನಿತ ಮೇಜಿನ ಪಕ್ಕದಲ್ಲೇ ನಿಂತಿದ್ದಳು. ಅವಳ ಎದುರಿನಲ್ಲಿಯೇ ಹೊಡೆಯುವಷ್ಟು ಧೈರ್ಯ ಅವರಿಗೆ ಬಂದಿತ್ತು. ಶಿವಾನಿಯ ಕೈಯ ಚಾಕ್‌ಪೀಸು ಬೋರ್ಡಿಗೆ ತಾಗಿ ಮುರಿಯಿತು.

"ನಿಲ್ಲಿಸಿ!"

ನಿಲ್ಲಿಸಿದರು.

"ಏನು ಹೊಡೀತಿದೀರ ಅಂತಾದ್ರೂ ಗೊತ್ತಾ ನಿಮಗೆ?" ಅನಿತಳ ದನಿ ಅವಳಿಗೇ ಪರಕೀಯವಾಗಿ ಕೇಳಿಸಿತು. "ಹೆಣ ಎತ್ತೋವಾಗ ಹೊಡೆಯೋದು ಅದು. ಬದುಕಿರೋ ಹುಡುಗಿ ಮುಂದೆ ಹೊಡೀತಿದೀರಲ್ಲೋ! ಅದೂ ನೆಟ್ಟಗೆ ಬರುತ್ತಾ ನಿಮಗೆ? ಹೆಣ ನೆಲದ ಮೇಲಿರೋವರೆಗೂ ಎಡಗೈ ಕಡ್ಡಿ ಮುಟ್ಟಿಸಲ್ಲ. ಹೀಗೆ, ಬಲಗೈ ಒಂದೇ. ಹೆಗಲಿಗೆ ಏರಿದ ಮೇಲೆ ಎರಡೂ ಕೈ ಬೀಳುತ್ತೆ, ಹೀಗೆ..."

ಅವಳ ಕೈಗಳು ಮೇಜಿನ ಮೇಲಿದ್ದವು. ಬಲಗೈ ಹೊಡೆದು ತೋರಿಸಿಯಾಗಿತ್ತು. ಎಡಗೈ ಎತ್ತಿದ್ದು ಹಾಗೇ ಗಾಳಿಯಲ್ಲಿ ನಿಂತಿತು.

"ನಿಮಗೆ ಹೆಂಗ್ ಗೊತ್ತು ಮಿಸ್?" ರಜನಿ ಕೇಳಿದಳು. ಅದರಲ್ಲಿ ಕೊಂಕಿರಲಿಲ್ಲ. ಲೆಕ್ಕದ ನಡುವೆ ಒಂದು ಮೆಟ್ಟಿಲು ಅರ್ಥವಾಗದಿದ್ದರೆ ಕೇಳುವಂತೆಯೇ ಕೇಳಿದ್ದಳು.

ಅನಿತ ಎಡಗೈಯನ್ನು ಇಳಿಸಿ ಸೆರಗು ಸರಿಮಾಡಿಕೊಂಡಳು. "ಪುಸ್ತಕದಲ್ಲಿ ಓದಿದ್ದೆ."

ಬೋರ್ಡಿನ ಹತ್ತಿರ ನಿಂತಿದ್ದ ಶಿವಾನಿ ಹದಿನೈದು ದಿನಗಳಲ್ಲಿ ಮೊದಲ ಸಲ ಪೂರ್ತಿ ತಲೆ ಎತ್ತಿ ಅವಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

ಆ ದಿನ ಮತ್ತೆ ಯಾರೂ ಡೆಸ್ಕು ಮುಟ್ಟಲಿಲ್ಲ. ಮಾರನೆಯ ಬೆಳಗ್ಗೆ ಶಿವಾನಿ ಬಾಗಿಲಿಗೆ ಬಂದಳು. ಮತ್ತೆ ಶುರುವಾಯಿತು. ಒಂದೇ ಕೈ. ಬಲಗೈ ಮಾತ್ರ, ಒಂದರ ಹಿಂದೆ ಒಂದು, ನಿಧಾನವಾಗಿ, ಒಂದೂ ತಪ್ಪದೆ. ಅವಳು ತನ್ನ ಜಾಗದ ಹತ್ತಿರ ಬಂದು ಕೂರಲು ಬಗ್ಗಿದಾಗ ಎರಡೂ ಕೈ ಬಿದ್ದವು. ಮಕ್ಕಳು ಚೆನ್ನಾಗಿ ಕಲಿತಿದ್ದರು. ಅಷ್ಟು ಚೆನ್ನಾಗಿ ಬಹುಪದೋಕ್ತಿಯನ್ನೂ ಕಲಿತಿರಲಿಲ್ಲ.

ಅನಿತ ಹಾಜರಿ ಪುಸ್ತಕದ ಮೇಲೆ ಬಗ್ಗಿ, ಕರೆದ ಹೆಸರನ್ನೇ ಎರಡು ಸಲ ಕರೆದಳು. ಗುರುವಾರ ಶಿವಾನಿ ಬರಲಿಲ್ಲ. ಶುಕ್ರವಾರ, ಶನಿವಾರವೂ ಬರಲಿಲ್ಲ.

ಆ ಮೂರು ದಿನ ಸಂಜೆ ರಜನಿ ಬಂದಳು, ಲೆಕ್ಕ ಮಾಡಿದಳು, ಜಡೆಗೆ ಮಾತ್ರ ಕೈ ಹಾಕಲಿಲ್ಲ. ಶನಿವಾರ ಶಾಮಲಮ್ಮ ತಾವೇ ಬಂದು ಹೊಸ್ತಿಲ ಆಚೆ ನಿಂತರು.

"ಏಮಮ್ಮಾ ಅನಿತಾ, ತಮಟೆ ಬಗ್ಗೆ ಪುಸ್ತಕ ಓದಿದ್ಯಂತಲ್ಲ? ಮಗು ಹೇಳ್ತಿತ್ತು. ಏನೇನೆಲ್ಲ ಓದುಸ್ತಾರಪ್ಪ ನಿಮ್ಗೆ!" ಎಂದು ನಕ್ಕರು. ನಗುತ್ತ ಒಳಗಿನ ಗೋಡೆ, ಒಲೆ, ಗೂಡಿನಲ್ಲಿದ್ದ ದೇವರ ಪಟಗಳನ್ನೆಲ್ಲ ನೋಡಿದರು. "ನಿಮ್ಮಪ್ಪನ ಹೆಸರೇನಂದೆ? ಲಕ್ಕೂರಲ್ಲಿ ನಮ್ ಬೀಗರ ಕಡೆಯೋರಿದಾರೆ. ವಿಚಾರಿಸ್ತೀನಿ, ಗೊತ್ತಿರ್ಬೋದು."

ಅನಿತ ಅಪ್ಪನ ಹೆಸರು ಹೇಳಿದಳು. ಹೆಸರಿನಿಂದ ಏನೂ ಗೊತ್ತಾಗುವಂತಿರಲಿಲ್ಲ. ಗೊತ್ತಾಗುವುದಕ್ಕೆ ಒಂದು ಫೋನು ಸಾಕಿತ್ತು. ಆ ರಾತ್ರಿ ಅವಳು ಮಾರ್ಚಿನವರೆಗಿನ ದಿನಗಳನ್ನು ಎಣಿಸಿದಳು. ಮುಳಬಾಗಿಲಿನಿಂದ ದಿನವೂ ಬಂದು ಹೋಗೋಣವೆಂದರೆ ಬೆಳಗಿನ ಬಸ್ಸು ಶಾಲೆ ಮುಟ್ಟುವುದು ಹತ್ತೂಮುಕ್ಕಾಲಿಗೆ. ಈ ಮನೆ ತಪ್ಪಿದರೆ ಊರಿನಲ್ಲಿ ಬೇರೆ ಮನೆಯಿಲ್ಲ, ಮನೆಯಿಲ್ಲದಿದ್ದರೆ ಕೆಲಸವಿಲ್ಲ. ಊರಿಗೆ ಫೋನು ಮಾಡಿದಾಗ ಅವ್ವ, "ಯಾರ ತಂಟೆಗೂ ಹೋಗ್ಬೇಡ ತಾಯಿ, ತಲೆ ಬಗ್ಗಿಸ್ಕೊಂಡು ಮುಗಿಸ್ಕೊಂಡು ಬಾ," ಎಂದಳು. ಅವ್ವ ಪ್ರತಿ ಸಲವೂ ಹೇಳುವ ಮಾತೇ ಅದು.

ಭಾನುವಾರ ಬೆಳಗ್ಗೆ ಅನಿತ ಶಿವಾನಿಯ ಮನೆಗೆ ಹೊರಟಳು. ಅಂಗಳ ಗುಡಿಸುತ್ತಿದ್ದ ಶಾಮಲಮ್ಮ ಪೊರಕೆ ನಿಲ್ಲಿಸಿದರು.

"ಕಾಲೋನಿಗಾ? ಟೀಚರ್ ಅಂದ್ಮೇಲೆ ಹೋಗ್ಬೇಕು ಬಿಡು, ಬೇಡ ಅನ್ನಕ್ಕಾಗಲ್ಲ. ರಜನೀನ ಕರ್ಕೊಂಡು ಹೋಗು. ಒಬ್ಳೇ ಬೇಡ."

ಬೇಡವೆನ್ನಲು ಅನಿತಳಿಗೆ ಕಾರಣ ಸಿಗಲಿಲ್ಲ. ರಜನಿ ಸೈಕಲ್ಲು ತಳ್ಳಿಕೊಂಡು ಜೊತೆಗೆ ಬಂದಳು. ಮಾವಿನ ತೋಪುಗಳು ಹೂ ಬಿಟ್ಟಿದ್ದವು, ದಾರಿಯುದ್ದಕ್ಕೂ ಔಷಧಿ ಹೊಡೆದ ವಾಸನೆ. ಎಂಟು ತಿಂಗಳಲ್ಲಿ ಅನಿತ ಈ ದಾರಿಯಲ್ಲಿ ಒಮ್ಮೆಯೂ ನಡೆದಿರಲಿಲ್ಲ. ನಡೆಯದಿರಲು ಪ್ರತಿ ಸಲ ಒಂದೊಂದು ಕಾರಣ ಹುಡುಕಿಕೊಂಡಿದ್ದಳು. ಕಾಲೋನಿಯ ಬಾಯಲ್ಲಿದ್ದ ಹುಣಸೆ ಮರದ ಕೆಳಗೆ ರಜನಿ ಸೈಕಲ್ಲು ನಿಲ್ಲಿಸಿದಳು.

"ನಾನು ಇಲ್ಲೇ ಇರ್ತೀನಿ ಮಿಸ್. ಮೂರನೇ ಮನೆ, ನೀಲಿ ಬಾಗಿಲು."

ಮರದ ಕೆಳಗಿನಿಂದ ನೀಲಿ ಬಾಗಿಲು ನೇರವಾಗಿ ಕಾಣುತ್ತಿತ್ತು.

ಜಗಲಿಯ ಮೇಲೆ ಕೂತಿದ್ದ ಕದಿರಪ್ಪ ಅವಳನ್ನು ಕಂಡು ಎದ್ದು ನಿಂತ. ಎತ್ತಿ ಕಟ್ಟಿದ್ದ ಪಂಚೆ ಇಳಿಸಿದ. "ರಾಂಡಿ ಅಮ್ಮಾ, ರಾಂಡಿ," ಎಂದು ತೆಲುಗಿನಲ್ಲಿ ಬರಮಾಡಿಕೊಂಡ. ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು, ಟವೆಲಿನಿಂದ ಎರಡು ಸಲ ಒರೆಸಿ, ಬೀದಿಯ ಕಡೆಗೆ ಮುಖಮಾಡಿ ಹಾಕಿದ. ತಾನು ಕೂರಲಿಲ್ಲ. ಶಿವಾನಿ ಬಾಗಿಲಿಗೆ ಒರಗಿ ನಿಂತಿದ್ದಳು. ಮೂರೇ ದಿನದಲ್ಲಿ ಅವಳ ಬೆರಳುಗಳಿಗೆ ಟೊಮೆಟೊ ಗಿಡದ ಹಸಿರು ಕಪ್ಪು ಹತ್ತಿತ್ತು.

"ಸ್ಕೂಲಿಗೆ ಕಳಿಸಿ. ಇನ್ನು ಒಂದೂವರೆ ತಿಂಗಳಷ್ಟೇ," ಎಂದಳು ಅನಿತ.

"ನಾನು ಬೇಡ ಅಂದಿಲ್ಲಮ್ಮ. ಓದ್ಲಿ ಅಂತಾನೇ ನಂಗೂ ಆಸೆ. ಅವಳೇ ಒಲ್ಲೆ ಅಂತಾಳೆ. ತಮಟೆ ಬಿಟ್ಬಿಡಪ್ಪ, ಹೋಗ್ತೀನಿ ಅಂತಾಳೆ." ಅವನು ನಗಲು ನೋಡಿದ. "ನಾನು ಬಿಡ್ತೀನಿ ಅಂದ್ರೆ ಊರೋರು ಬಿಡ್ತಾರಾ? ನಾಳೆ ಯಾರ ಮನೇಲಾದ್ರೂ ಸಾವಾದ್ರೆ ಮೊದಲು ಕೂಗೋದು ನನ್ನನ್ನೇ. ಹೋಗ್ಲಿಲ್ಲ ಅಂದ್ರೆ ನಾಡಿದ್ದು ಯಾರ ತೋಟದಲ್ಲಿ ಕೂಲಿ ಕೊಡ್ತಾರೆ?"

ಅನಿತ ಶಿವಾನಿಯ ಕಡೆ ತಿರುಗಿದಳು. "ನೀನು ಬಾ. ನಾನಿದೀನಿ."

ಶಿವಾನಿ ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. "ಯಾವ ಪುಸ್ತಕ ಮಿಸ್?" ಎಂದಳು.

"ಏನು?"

"ಎಡಗೈ ಕಡ್ಡಿ ಮುಟ್ಟಿಸಲ್ಲ ಅಂತ ಇರೋ ಪುಸ್ತಕ. ನನಗೂ ಕೊಡಿ, ಓದ್ತೀನಿ. ನಮ್ಮಪ್ಪನೂ ನಂಗೆ ಹೇಳ್ಕೊಟ್ಟಿಲ್ಲ ಅದನ್ನ. ನಿನ್ನೆ ಕೇಳ್ದೆ. ಹೌದು, ಹಂಗೇ ಅಂದ. ಹೊಡೆಯೋರಿಗೆ ಬಿಟ್ರೆ ಬೇರೆಯೋರಿಗೆ ಅದು ಕಿವೀಗೇ ಬೀಳಲ್ಲ ಅಂದ."

"ಲೇ, ಟೀಚರಮ್ಮನ ಹತ್ರ ಹಂಗೆಲ್ಲ ಮಾತಾಡ್ತಾರೇನೇ?" ಕದಿರಪ್ಪ ಗದರಿದ. ಆಮೇಲೆ ಏನೋ ಮರೆತವನಂತೆ ಅವಸರಪಟ್ಟು ಅಂಗಿಯ ಜೇಬಿಗೆ ಕೈ ಹಾಕಿದ. "ನಿಂತ್ಕೊಂಡೇ ಇದೀಯಲ್ಲ, ಓಡು, ಅಂಗಡೀಗೆ ಹೋಗಿ ಟೀಚರಮ್ಮಂಗೆ ಒಂದು ಕೂಲ್ ಡ್ರಿಂಕ್ಸ್ ತಗೊಂಬಾ. ಮುಚ್ಚಳ ತೆಗೀಬೇಡ. ಹಂಗೇ ತಾ."

ಆ ಮಾತು ಅನಿತಳಿಗೆ ಹೊಸದಲ್ಲ. ಅವಳ ಮನೆಗೂ ಮೇಷ್ಟ್ರು, ಗ್ರಾಮಲೆಕ್ಕಿಗರು, ಓಟು ಕೇಳುವವರು ಬಂದಾಗ ಅಪ್ಪ ಹೀಗೇ ಅಂಗಡಿಗೆ ಓಡಿಸುತ್ತಿದ್ದ. ಮನೆಯ ನೀರು ಕೊಟ್ಟು ಬಂದವರನ್ನು ಪೇಚಿಗೆ ಸಿಕ್ಕಿಸಬಾರದು. ಮುಚ್ಚಳ ಬಿಗಿದ ಬಾಟಲಿಯಾದರೆ ಅವರೂ ಕುಡಿದಂತಾಯಿತು, ಮನೆಯವರೂ ಕೊಟ್ಟಂತಾಯಿತು. ಎಷ್ಟೋ ಸಲ ಆ ತಣ್ಣನೆಯ ಬಾಟಲಿಯನ್ನು ಎದೆಗೊತ್ತಿಕೊಂಡು ಬಿಸಿಲಲ್ಲಿ ಓಡಿ ಬಂದವಳು ತಾನೇ. ಕುರ್ಚಿಯ ಮೇಲೆ ಕೂತಿದ್ದು ಮಾತ್ರ ಇದೇ ಮೊದಲು.

ಶಿವಾನಿ ಅಪ್ಪನ ಕೈಯಿಂದ ನೋಟು ತೆಗೆದುಕೊಳ್ಳಲಿಲ್ಲ. ಒಳಗೆ ಹೋದಳು. ಕೊಳಗದ ತಟ್ಟೆ ಸರಿಸಿದ ಸದ್ದಾಯಿತು. ಹೊರಗೆ ಬಂದಾಗ ಅವಳ ಕೈಯಲ್ಲಿ ತುಂಬಿದ ಸ್ಟೀಲಿನ ಲೋಟವಿತ್ತು.

"ಏಯ್, ಏನೇ ಮಾಡ್ತಿದೀಯ?" ಕದಿರಪ್ಪನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು. "ಅವರು ಶಾಮಲಮ್ಮೋರ ಮನೇಲಿರೋರು ಕಣೇ! ಅಮ್ಮಾ, ತಪ್ಪು ತಿಳೀಬೇಡಿ, ಹುಡುಗಿಗೆ ಬುದ್ಧಿ ಇಲ್ಲ..."

ಶಿವಾನಿ ಲೋಟವನ್ನು ಮುಂದೆ ಚಾಚಿ ನಿಂತಳು. ನೀರು ಅಂಚಿನವರೆಗೆ ಬಂದು ಹಿಂದೆ ಸರಿಯುತ್ತಿತ್ತು. ಅವಳ ಕಣ್ಣುಗಳು ಮಾತ್ರ ಅನಿತಳ ಮುಖ ಬಿಟ್ಟು ಅಲುಗಲಿಲ್ಲ.

ಹುಣಸೆ ಮರದ ಕಡೆ ನೋಡಬಾರದೆಂದು ಅನಿತ ಅಂದುಕೊಂಡಳು. ಅಂದುಕೊಳ್ಳುತ್ತಲೇ ನೋಡಿದಳು. ರಜನಿ ಸೈಕಲ್ಲಿನ ಮೇಲೆ ಕೂತು ಒಂದು ಕಾಲು ನೆಲಕ್ಕೆ ಊರಿ, ಕತ್ತು ಚಾಚಿ ಇತ್ತಲೇ ನೋಡುತ್ತಿದ್ದಳು. ಈಗ ಬೇಡವೆನ್ನುವುದಕ್ಕೆ ನೂರು ದಾರಿಗಳಿದ್ದವು. ಈಗ ತಾನೇ ಕಾಫಿ ಆಯಿತು ಎನ್ನಬಹುದು. ಇವತ್ತು ಉಪವಾಸ ಎನ್ನಬಹುದು. ಎಂಟು ತಿಂಗಳಿನಿಂದ ಅಂಥ ಮಾತುಗಳು ಅವಳ ನಾಲಿಗೆಯ ತುದಿಯಲ್ಲೇ ಇರುತ್ತಿದ್ದವು. ಒಂದು ಈಗಲೂ ತುಟಿಯವರೆಗೆ ಬಂತು.

ಅವಳು ಲೋಟ ತೆಗೆದುಕೊಂಡಳು. ಎತ್ತಿ ಬಾಯಿಗೆ ಹೊಯ್ದುಕೊಳ್ಳಲಿಲ್ಲ. ಅಂಚಿಗೆ ತುಟಿಯಿಟ್ಟು ಕುಡಿದಳು. ನೀರು ಗಲ್ಲದಿಂದ ಇಳಿದು ಸೀರೆಯ ಮೇಲೆ ಚೆಲ್ಲಿತು. ಒರೆಸಿಕೊಳ್ಳದೆ ಉಳಿದದ್ದನ್ನೂ ಕುಡಿದಳು.

ಮರದ ಕಡೆಯಿಂದ ಸೈಕಲ್ಲಿನ ಚೈನು ಗರಗರನೆ ತಿರುಗಿದ ಸದ್ದು ಬಂತು. ಆ ಸದ್ದು ಊರಿನ ಕಡೆಗೆ ಹೋಗಿ ಸಣ್ಣದಾಯಿತು. ಕದಿರಪ್ಪ ಒಮ್ಮೆ ದಾರಿಯನ್ನೂ ಒಮ್ಮೆ ಅವಳನ್ನೂ ನೋಡಿದ. ಅವನ ಕೈಯಲ್ಲಿ ನೋಟು ಇನ್ನೂ ಮಡಿಸಿದಂತೆಯೇ ಇತ್ತು.

ಅನಿತ ಖಾಲಿ ಲೋಟವನ್ನು ಶಿವಾನಿಯ ಮುಂದೆ ಹಿಡಿದಳು.

"ಇನ್ನೂ ಸ್ವಲ್ಪ ಕೊಡು," ಎಂದಳು.

ಹುಡುಗಿ ಲೋಟ ಇಸಿದುಕೊಂಡು ಒಳಗೆ ಹೋದಳು. ಕುರ್ಚಿ ಬೀದಿಯ ಕಡೆಗೇ ಇತ್ತು. ಅನಿತ ಎದ್ದು ಅದನ್ನು ಬಾಗಿಲ ಕಡೆಗೆ ತಿರುಗಿಸಿಕೊಂಡು ಕೂತಳು.